ಹಾಲಿನ ಲೆಕ್ಕ ಕೇಳೋರು ಆಸ್ಪತ್ರೆ ಲೆಕ್ಕ ಯಾಕೆ ಕೇಳಲ್ಲ?

ಈ ವಾರ ರಾಗಿಯ ಬೆಂಕಿ ರೋಗದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಇವತ್ತಿನದು ಸ್ವಲ್ಪ ಖಾರ. ಬೇಜಾರಾದವರು ಸಂತೇಲಿ ಸಿಕ್ಕಾಗ ಬೈರಿ, ಕೇಳಿಸ್ಕೋತೀನಿ.

ನಮ್ಮ ಕಡೆ ಡೈರಿ ವಾರ್ಷಿಕ ಸಭೆ ಹೇಗೆ ನಡೆಯುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಫ್ಯಾಟ್ ಮಿಷಿನ್ ಎರಡು ಪಾಯಿಂಟ್ ಕಮ್ಮಿ ತೋರಿಸ್ತು ಅಂತ ಟವೆಲ್ ಕೊಡವಿ ಎದ್ದು ನಿಲ್ತೀವಿ. ಅಢಾವೆ ಪತ್ರಿಕೆಯಲ್ಲಿ "ಇತರೆ ಖರ್ಚು" ಅಂತ ಒಂದು ಸಾಲು ಕಂಡ್ರೆ ಸಾಕು, ಸೆಕ್ರೆಟರಿ ಬೆವರು ಒರೆಸ್ಕೊಂಡು ಬಿಲ್ಲು ತೆಗೆದು ತೋರಿಸೋವರೆಗೂ ಬಿಡಲ್ಲ. ಹೆಬ್ಬೆಟ್ಟು ಒತ್ತೋರು ಕೂಡ ಲೀಟರಿಗೆ ಎಷ್ಟು ಪೈಸೆ ಎಲ್ಲಿ ಹೋಯ್ತು ಅಂತ ಬಾಯಲ್ಲೇ ಲೆಕ್ಕ ಹಾಕ್ತಾರೆ. ಸರಿಯಾಗೇ ಮಾಡ್ತೀವಿ. ಕೇಳೋರಿದ್ದಾರೆ ಅಂತಲೇ ಡೈರಿ ಬಾಗಿಲು ದಿನಾ ಹೊತ್ತಿಗೆ ಸರಿಯಾಗಿ ತೆಗೆಯುತ್ತೆ.

ಈಗ ಹೇಳಿ, ನಿಮ್ಮೂರಿನ ಆರೋಗ್ಯ ಸಮಿತಿಯಲ್ಲಿ ಯಾರ್ಯಾರಿದ್ದಾರೆ?

ಅಂಥದ್ದೊಂದು ಇದೆ ಕಣ್ರಪ್ಪ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಲೇ ಊರಿಗೊಂದು ಸಮಿತಿ ಅಂತ ಮಾಡಿದ್ರು. ಗ್ರಾಮ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆ ಅಂತ ಉದ್ದ ಹೆಸರು. 2013ರ ಮಾರ್ಗಸೂಚಿ ಪ್ರಕಾರ ಕನಿಷ್ಠ 15 ಜನ, ಅದರಲ್ಲಿ ಅರ್ಧದಷ್ಟಾದ್ರೂ ಹೆಂಗಸರು, ಪಂಚಾಯ್ತಿ ಮೆಂಬರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಕಾರ್ಯದರ್ಶಿ, ತಿಂಗಳಿಗೊಂದು ಸಭೆ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಅಂತ ಇಟ್ಟರು. ಮುಕ್ತ ನಿಧಿ ಅಂದ್ರೆ ಊರಿನ ಆರೋಗ್ಯಕ್ಕೆ ಯಾವುದು ಮೊದಲು ಬೇಕು ಅಂತ ಊರವರೇ ಕೂತು ತೀರ್ಮಾನ ಮಾಡೋ ದುಡ್ಡು. ಇದಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಬೇರೆ. ಆ ಅಭಿಯಾನದಲ್ಲಿ ಒಂದು ಪಿಎಚ್‌ಸಿಗೆ ಮುಕ್ತ ನಿಧಿ 25,000, ದುರಸ್ತಿಗೆ 50,000, ಸಮಿತಿ ಕೈಗೆ 1 ಲಕ್ಷ, ಒಟ್ಟು ವರ್ಷಕ್ಕೆ 1,75,000 ಅಂತ ನಿಗದಿ ಮಾಡಿದ್ರು. ಆಮೇಲೆ ಬೋರ್ಡ್ ಬದಲಾಗಿ ಆಯುಷ್ಮಾನ್ ಆರೋಗ್ಯ ಮಂದಿರ ಆಯ್ತು, ಜನ ಆರೋಗ್ಯ ಸಮಿತಿ ಅಂತ ಇನ್ನೊಂದು ಹುಟ್ಟಿತು. ಸಮಿತಿಗೇನೂ ಬರ ಇಲ್ಲ.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಹೋದ ವರ್ಷ ಹುರುಳಿ ಕೀಳೋ ಹೊತ್ತಲ್ಲಿ ಪಕ್ಕದ ಹಳ್ಳಿಯ ಕೂಲಿ ಹುಡುಗನಿಗೆ ಕೊಳಕುಮಂಡಲ ಕಚ್ಚಿತು. ಬೈಕಲ್ಲಿ ಮಧ್ಯೆ ಕೂರಿಸ್ಕೊಂಡು ಅರ್ಧ ಗಂಟೆ ಒಳಗೆ ಆಸ್ಪತ್ರೆ ಮುಟ್ಟಿಸಿದ್ರು. (ಹಗ್ಗ ಬಿಗಿಬೇಡಿ, ಬ್ಲೇಡ್ ಹಾಕಬೇಡಿ, ಮಂತ್ರ ಹಾಕಿಸೋಕೆ ಅಂತ ಹೊತ್ತು ಕಳೀಬೇಡಿ. ಇದನ್ನ ನಾನು ಸಾಯೋವರೆಗೂ ಹೇಳ್ತಾನೇ ಇರ್ತೀನಿ.) ಡಾಕ್ಟರು ಮೀಟಿಂಗಿಗೆ ಹೋಗಿದ್ರು. ಇದ್ದ ನರ್ಸಮ್ಮ, ಇಂಜೆಕ್ಷನ್ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು. ಅಲ್ಲಿಗೆ ಹೋಗೋದ್ರೊಳಗೆ ಒಸಡಲ್ಲಿ ರಕ್ತ ಬರ್ತಿತ್ತು. ಹುಡುಗ ಉಳಿದ. ಆದ್ರೆ ಕಿಡ್ನಿಗೆ ಪೆಟ್ಟಾಗಿ ಎರಡು ವಾರ ಡಯಾಲಿಸಿಸ್. ಅವರಮ್ಮ ಹಾಲು ಕರೆಯೋ ಹಸು ಮಾರಿದ್ರು, ಸಂಘದ ಸಾಲ ಇನ್ನೂ ತೀರಿಲ್ಲ. ಎಲ್ಲ ಮುಗಿದ ಮೇಲೆ ಗೊತ್ತಾಗಿದ್ದೇನು? ಔಷಧಿ ಅವತ್ತು ಒಳಗೆ ಕಪಾಟಿನಲ್ಲೇ ಇತ್ತು. ಬೀಗದ ಕೈ ಇಟ್ಕೊಂಡಿದ್ದವರು ರಜೆ. ಒಳಗೇನಿದೆ ಅಂತ ನರ್ಸಮ್ಮನಿಗೆ ಗೊತ್ತಿರಲಿಲ್ಲ.

ಊರೆಲ್ಲ ಆ ನರ್ಸಮ್ಮನಿಗೆ ಬೈದ್ರು. ಬೈದು ಮನೆಗೆ ಬಂದು ಮಲಗಿದ್ರು. ಬೀಗದ ಕೈ ಈಗಲೂ ಒಬ್ಬರ ಹತ್ರವೇ ಇದೆಯೋ ಏನೋ, ಯಾರೂ ಹೋಗಿ ಕೇಳಿಲ್ಲ.

ಹಾವಿನ ಔಷಧಿ ವಿಷಯ ದೊಡ್ಡ ವಿದ್ಯೆ ಅಂದ್ಕೋಬೇಡಿ. ನಮ್ಮಲ್ಲಿ ಸಿಗೋ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ವಿಷ ಏರಿದೆ ಅಂತ ಡಾಕ್ಟರು ಕಂಡ್ರೆ ಶುರುವಿಗೇ 10 ವಯಲ್‌ವರೆಗೆ ಬೇಕಾಗುತ್ತೆ. ಹಾಗಾಗಿ ಎರಡು ವಯಲ್ ಇಟ್ಕೊಂಡು "ಸ್ಟಾಕ್ ಇದೆ" ಅಂದ್ರೆ ಅದು ಇಲ್ಲದ ಲೆಕ್ಕವೇ. ಪುಡಿ ರೂಪದ್ದಾದ್ರೆ ಅದಕ್ಕೆ ಫ್ರಿಜ್ಜೇ ಬೇಕು ಅಂತಿಲ್ಲ, ಕರೆಂಟ್ ಇರಲಿಲ್ಲ ಅನ್ನೋ ಮಾತು ಅದಕ್ಕೆ ನಡೆಯಲ್ಲ. ಕೊಳಕುಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟೋದು ತಪ್ಪುತ್ತೆ. ಅದನ್ನ ನೋಡೋಕೆ ಒಣಗಿದ, ಶುಭ್ರವಾದ ಗಾಜಿನ ಕೊಳವೆಯಲ್ಲಿ ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡ್ತಾರೆ. ಪ್ಲಾಸ್ಟಿಕ್ ಕೊಳವೆ ಆಗಲ್ಲ, ಗಾಜೇ ಬೇಕು. ಆ ಕೊಳವೆಗೆ ಎಷ್ಟಾದೀತು? ಮುಕ್ತ ನಿಧಿ ಇರೋದು ಇಂಥದ್ದಕ್ಕೇ ಅಲ್ವಾ?

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸ್ತು. ಒಳ್ಳೇದು. ವರದಿ ಮೇಲಕ್ಕೆ ಹೋಗುತ್ತೆ. ಕೆಳಗೆ, ಕಪಾಟಿನ ಕೈ ಯಾರ ಹತ್ರ ಅಂತ ನೋಡೋರು ಯಾರು?

"ಡಾಕ್ಟರ ಕೆಲಸ, ನಮಗೇನು ತಿಳಿಯುತ್ತೆ" ಅಂತೀರಿ. ಇಂಜೆಕ್ಷನ್ ಹೇಗೆ ಕೊಡಬೇಕು ಅಂತ ನಾವು ಹೇಳೋಕೆ ಹೋಗೋದು ಬೇಡ. ಎಷ್ಟು ವಯಲ್ ಇದೆ, ಎಕ್ಸ್‌ಪೈರಿ ಯಾವಾಗ, ಡಾಕ್ಟರು ಇಲ್ಲದ ದಿನ ಯಾರು, ರಾತ್ರಿ ಫೋನ್ ಎತ್ತೋರು ಯಾರು, ಇಷ್ಟು ಕೇಳೋಕೆ ಎಂಬಿಬಿಎಸ್ ಬೇಕಾ? ಯೂರಿಯಾ ಸ್ಟಾಕ್ ಬೋರ್ಡಲ್ಲಿ ಬರೆದಿಲ್ಲ ಅಂದ್ರೆ ಅಂಗಡಿಯವನ ಕೊರಳಪಟ್ಟಿ ಹಿಡಿಯೋ ಜನ ನಾವು.

ಇನ್ನು ಕೆಲವರು "ಪ್ರೈವೇಟಿಗೆ ಹೋದ್ರಾಯ್ತು ಬಿಡಣ್ಣ" ಅಂತಾರೆ. ನಿಮ್ಮ ಹತ್ರ ಕಾರಿದೆ, ಹೋಗ್ತೀರಿ. ನಿಮ್ಮ ಗದ್ದೆಯಲ್ಲಿ ಬಗ್ಗಿ ಕಳೆ ಕೀಳೋ ಹೆಣ್ಣುಮಗಳು ಎಲ್ಲಿಗೆ ಹೋಗ್ತಾಳೆ? ಕಚ್ಚೋದು ಮೊದಲು ಅವಳಿಗೆ. ಬಾಯಿರೋ ನಾವು ಆ ಆಸ್ಪತ್ರೆ ಬಿಟ್ಟು ಬಂದ ಮೇಲೆ ಅಲ್ಲಿ ಬಾಯಿಲ್ಲದವರಷ್ಟೇ ಉಳಿದ್ರು. ಆಮೇಲೆ "ಸರ್ಕಾರಿ ಆಸ್ಪತ್ರೆ ಹಾಳಾಯ್ತು" ಅಂತ ನಾವೇ ಕಟ್ಟೆ ಮೇಲೆ ಕೂತು ಮಾತಾಡ್ತೀವಿ.

ಇಲಾಖೆಯವರಿಗೂ ಒಂದು ಮಾತು. ಜನರ ಸಹಭಾಗಿತ್ವ ಅಂದ್ರೆ ನಿಮಗೆ ಜಾಥಾ, ಬ್ಯಾನರು, ಬಾಳೆಹಣ್ಣು, ಫೋಟೋ. ಇಲ್ಲಾಂದ್ರೆ ದಾನಿಗಳ ಹತ್ರ ಫ್ಯಾನು, ಬೆಂಚು ಇಸ್ಕೊಳ್ಳೋದು. ನಮ್ಮೂರ ದೊಡ್ಡೋರು ಫ್ಯಾನಿನ ರೆಕ್ಕೆ ಮೇಲೂ ತಾತನ ಹೆಸರು ಬರೆಸಿದ್ದಾರೆ, ತಿರುಗುವಾಗ ಓದೋಕಾಗಲ್ಲ ಅದು ಬೇರೆ ವಿಷಯ. ಚಂದಾ ಕೊಡೋಕೆ ಮಾತ್ರ ಜನ ಬೇಕು, ಲೆಕ್ಕ ಕೇಳೋಕೆ ಬೇಡವಾ? 2007ರಿಂದ 2009ರವರೆಗೆ ಒಂಬತ್ತು ರಾಜ್ಯಗಳಲ್ಲಿ ಊರಿನ ಜನರೇ ಆಸ್ಪತ್ರೆಗೆ ಅಂಕ ಹಾಕೋ ಪ್ರಯೋಗ ನಡೀತು, ಕರ್ನಾಟಕವೂ ಅದರಲ್ಲಿತ್ತು. ಚೆನ್ನಾಗಿದ್ರೆ ಹಸಿರು, ಪರವಾಗಿಲ್ಲ ಅಂದ್ರೆ ಹಳದಿ, ಕೆಟ್ಟದಾಗಿದ್ರೆ ಕೆಂಪು. ಓದು ಬರದೋರಿಗೂ ಅರ್ಥ ಆಗೋ ಪದ್ಧತಿ. ಅಂಥ ಹಾಳೆ ನಮ್ಮ ಪಿಎಚ್‌ಸಿ ಗೋಡೆ ಮೇಲೆ ನಾನಂತೂ ಒಂದು ದಿನವೂ ನೋಡಿಲ್ಲ.

ಈಗ ಸಮಿತಿ ಸಭೆ ಹೇಗೆ ನಡೆಯುತ್ತೆ? ಆಶಾ ಹೆಣ್ಣುಮಗಳು ಪುಸ್ತಕ ಹಿಡ್ಕೊಂಡು ಮನೆಮನೆಗೆ ಬಂದು ಸಹಿ ಹಾಕಿಸ್ಕೊಂಡು ಹೋಗ್ತಾಳೆ. ಅವಳನ್ನ ದೂರಬೇಡಿ. ಸಾವಿರ ಜನಕ್ಕೆ ಒಬ್ಬಳು. ಕೈಗೆ ಸರಿಯಾಗಿ ದುಡ್ಡು ಕೊಡಿ ಅಂತ 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಲ್ಲಿ ಕೂರಬೇಕಾಯ್ತು ಅವರು. ಅಂಥವಳು ಒಬ್ಬಳೇ ಎದ್ದು "ಸಾರ್, ಔಷಧಿ ಲೆಕ್ಕ ಕೊಡಿ" ಅಂತ ಡಾಕ್ಟರನ್ನ ಕೇಳೋಕಾಗುತ್ತಾ? ಪಕ್ಕದಲ್ಲಿ ಹತ್ತು ಜನ ಕೂತಿದ್ರೆ ಕೇಳ್ತಾಳೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಅವಧಿ 2021ರಲ್ಲೇ ಮುಗಿದು ಚುನಾವಣೆ ಮುಂದಕ್ಕೆ ಹೋಗಿದ್ದಕ್ಕೆ ಮೇಲೆ ಕೇಳೋ ಮೆಂಬರುಗಳೂ ಇಲ್ಲದಂಗಾಯ್ತು. ಉಳಿದಿರೋದು ಗ್ರಾಮ ಪಂಚಾಯ್ತಿ, ಗ್ರಾಮಸಭೆ.

ನಾನು ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೀನಿ. ಸಮಿತಿ ಸದಸ್ಯರ ಪಟ್ಟಿ, ಮೂರು ವರ್ಷದ ಖರ್ಚು, ಸಭೆ ನಡಾವಳಿ ಬೇಕು ಅಂತ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, 30 ದಿನ ಗಡುವು. ಬಿಪಿಎಲ್ ಕಾರ್ಡ್ ಇದ್ದೋರಿಗೆ ಶುಲ್ಕವೂ ಇಲ್ಲ. ನಿಮ್ಮ ನಿಮ್ಮ ಪಂಚಾಯ್ತಿಗೆ ನೀವೂ ಹಾಕಿ, ಬರೆಯೋದು ಗೊತ್ತಾಗದಿದ್ರೆ ನನ್ನ ಅರ್ಜಿ ನೋಡಿ ಬರ್ಕೊಳ್ಳಿ. ಮುಂದಿನ ಗ್ರಾಮಸಭೆಗೆ ಡೈರಿ ಸಭೆಗೆ ಬರೋ ಹಾಗೆ ಬನ್ನಿ, ಕೂಲಿಗೆ ಹೋಗೋ ಹೆಂಗಸರನ್ನೂ ಕರ್ಕೊಂಡು ಬನ್ನಿ, ಅವತ್ತಿನ ಅರ್ಧ ದಿನದ ಕೂಲಿ ಕೊಟ್ಟಾದ್ರೂ ಸರಿ. ಹಾವಿನ ಔಷಧಿ ಸ್ಟಾಕು ಮತ್ತು ಬೀಗದ ಕೈ ಇರೋರ ಫೋನ್ ನಂಬರು ಆಸ್ಪತ್ರೆ ಹೊರಗೋಡೆ ಮೇಲೆ ಬರೀಬೇಕು ಅಂತ ಠರಾವು ಮಾಡಿಸೋಣ. ನನ್ನ ಅರ್ಜಿಗೆ ಏನು ಉತ್ತರ ಬಂತು ಅಂತ ಬಂದ ದಿನವೇ ಇಲ್ಲಿ ಹಾಕ್ತೀನಿ, ಬರದಿದ್ರೆ ಅದನ್ನೂ ಹಾಕ್ತೀನಿ.