ತಕ್ಕಡಿಗೆ ಮುದ್ರೆಯುಂಟು, ಕ್ಯಾಮೆರಾ ಕಣ್ಣಿಗೆ?

ಅಕ್ಕಿ ಚೀಲದ ಮೇಲೆ ‘ಸಾರ್ಟೆಕ್ಸ್’ ಎಂಬ ಪದವನ್ನು ನಾವೆಲ್ಲ ಓದಿದ್ದೇವೆ. ತಳಿಯ ಹೆಸರೆಂದು ಭಾವಿಸಿದವರೂ ಇದ್ದಾರೆ. ಅದು ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರವೊಂದರ ವ್ಯಾಪಾರನಾಮ. ಇಳಿಜಾರಿನಲ್ಲಿ ಜಾರಿ ಬೀಳುವ ಪ್ರತಿ ಕಾಳನ್ನೂ ಕ್ಯಾಮೆರಾ ನೋಡುತ್ತದೆ. ಕಪ್ಪು ಕಾಳೋ ಕಲ್ಲೋ ಕಂಡೊಡನೆ ನಳಿಕೆಯಿಂದ ಚಿಮ್ಮುವ ಗಾಳಿ ಅದನ್ನು ಪಕ್ಕಕ್ಕೆ ಊದಿಬಿಡುತ್ತದೆ. ಮೊರದ ಮುಂದೆ ಕಳೆಯುತ್ತಿದ್ದ ನಮ್ಮ ತಾಯಂದಿರ ಮಧ್ಯಾಹ್ನಗಳು ಹೀಗೆ ಉಳಿದವು. ಕಾಫಿ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಬೀಜ ಆರಿಸುತ್ತಿದ್ದ ಹೆಂಗಸರ ಕೂಲಿಯ ಬಹುಪಾಲು ಇಂಥ ಯಂತ್ರಗಳಿಗೇ ಹೋಯಿತೆಂಬುದು ಬೇರೊಂದು ಲೇಖನದ ವಸ್ತು.

ಸದ್ಯದ ಪ್ರಶ್ನೆ ಇಷ್ಟು: ಈ ಕಣ್ಣು ಇರುವುದು ಯಾರ ಬಳಿ? ಗಿರಣಿಯಲ್ಲಿ, ರಫ್ತುದಾರನ ಗೋದಾಮಿನಲ್ಲಿ. ಅಂದರೆ ರೈತ ಮಾಲು ಮಾರಿ ಊರಿಗೆ ಮರಳಿದ ನಂತರ ಅದು ತೆರೆದುಕೊಳ್ಳುತ್ತದೆ. ರೈತನ ಎದುರು ದರ ನಿಗದಿಯಾಗುವಾಗ ಮಾತ್ರ ಹಳೆಯ ಪದ್ಧತಿಯೇ: ಚೀಲಕ್ಕೆ ಕೈಹಾಕಿ ಹಿಡಿಯಷ್ಟು ತೆಗೆದು ನೋಡುವ ವರ್ತಕನ ಕಣ್ಣಂದಾಜು.

ಹಾವೇರಿ ಜಿಲ್ಲೆಯ ಬ್ಯಾಡಗಿಯನ್ನೇ ನೋಡಿ. ಅಲ್ಲಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. ಅದರಿಂದ ತೆಗೆದ ಬಣ್ಣ ಆಹಾರದಿಂದ ತುಟಿರಂಗಿನವರೆಗೆ ಬಳಕೆಯಾಗುತ್ತದೆ. ಟೆಂಡರ್ ಗಣಕೀಕೃತವಾಗಿದೆ, ಆದರೆ ಗಣಕಕ್ಕೆ ದರ ನಮೂದಿಸುವ ಮುನ್ನ ಗುಣ ಅಳೆಯುವುದು ಬರಿಗಣ್ಣೇ. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿಯಿಟ್ಟರು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಕುಸಿತಕ್ಕೆ ಆವಕ, ಬೇಡಿಕೆಗಳ ಕಾರಣವೂ ಇರುತ್ತದೆ. ಆದರೆ ತನ್ನ ಮಾಲಿಗೆ ಈ ದರವೇಕೆಂದು ಕೇಳಿದ ರೈತನಿಗೆ ಕಣ್ಣಂದಾಜಿನ ವ್ಯವಸ್ಥೆ ತೋರಿಸುವುದಾದರೂ ಏನನ್ನು?

ಆದ್ದರಿಂದ ಕ್ಯಾಮೆರಾ ಟೆಂಡರಿಗೆ ಮೊದಲೇ ಪ್ರಾಂಗಣಕ್ಕೆ ಬರಬೇಕು. 2016ರ ಏಪ್ರಿಲ್‌ನಲ್ಲಿ ಆರಂಭವಾದ ಇ-ನಾಮ್ ಯೋಜನೆಯ ಆಶಯದಲ್ಲೇ ಗುಣಪರೀಕ್ಷೆ ಸೇರಿದೆ. ಹಾಗೆಂದು ಯಂತ್ರ ನಿಷ್ಪಕ್ಷಪಾತಿ ಎಂಬ ಭ್ರಮೆಯೂ ಬೇಡ. ತೇವವಿದ್ದ ಕಾಯಿ ಗಾಢವಾಗಿ ಕಾಣುತ್ತದೆ. ದೀಪ ಬದಲಾದರೆ ಕೆಂಪೂ ಬದಲು. ಮಸೂರದ ಮೇಲೆ ಧೂಳು ಕುಳಿತರೆ ಎಲ್ಲರ ಮಾಲೂ ಮಂಕು. ಮೇಲಾಗಿ ಅದು ಕಾಣುವುದು ಸಿಪ್ಪೆಯನ್ನು ಮಾತ್ರ. ರಫ್ತು ವ್ಯವಹಾರದ ‘ಆಸ್ಟಾ’ ಬಣ್ಣಮೌಲ್ಯ ತಿಳಿಯಲು ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ದ್ರಾವಣ 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುತ್ತಾರೆ. ಅಫ್ಲಾಟಾಕ್ಸಿನ್ ವಿಷವಂತೂ ಸಾಧಾರಣ ಕ್ಯಾಮೆರಾಕ್ಕೆ ಕಾಣದು. ಇನ್ನು, ಎಷ್ಟು ಕಲೆಯಿದ್ದರೆ ಎರಡನೇ ದರ್ಜೆ ಎಂಬ ಗೆರೆ ಎಳೆಯುವವನು ಮನುಷ್ಯನೇ. ಆತ ಯಾರ ಸಂಬಳದವನು ಎಂಬುದು ಮುಖ್ಯ.

ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಕಡ್ಡಾಯ. ದರ್ಜೆ ನೀಡುವ ಕ್ಯಾಮೆರಾಕ್ಕೂ ಅಂಥ ಮುದ್ರೆ ಏಕಿರಬಾರದು? ಪ್ರಮಾಣಿತ ಬಣ್ಣದ ಹಲಗೆಯೊಂದನ್ನು ದಿನವೂ ಬೆಳಿಗ್ಗೆ ಎಲ್ಲರೆದುರು ತೋರಿಸಿ ಅದನ್ನು ಪರೀಕ್ಷಿಸಲಿ. ದರ್ಜೆಯ ಗೆರೆಯನ್ನು ಫಲಕದಲ್ಲಿ ಬರೆಯಲಿ. ಚಿತ್ರ, ಅಂಕಗಳಿರುವ ಚೀಟಿ ರೈತನ ಕೈಸೇರಲಿ.

ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲಗಳು ಬರುವಾಗ ಇದು ಆಗುವ ಮಾತೇ ಎಂದು ವರ್ತಕರು ಕೇಳುವರು. ನ್ಯಾಯವಾದ ಆಕ್ಷೇಪವೇ; ಮಾದರಿಯನ್ನು ಯಾವ ಚೀಲದಿಂದ, ಯಾರು ತೆಗೆಯಬೇಕೆಂಬ ತಕರಾರೂ ಏಳುವುದು ಖಚಿತ. ಮರುಪರೀಕ್ಷೆ ಕೇಳುವ ಹಕ್ಕು ರೈತನಿಗಿರಲಿ, ಖರ್ಚನ್ನು ಮಾರುಕಟ್ಟೆ ಸಮಿತಿ ಹೊರಲಿ. ಶುಲ್ಕ ವಸೂಲು ಮಾಡುವ ಸಮಿತಿಗೆ ಇದೂ ಹೊರೆಯೆನಿಸಿದರೆ, ಆ ಶುಲ್ಕ ಯಾವ ಸೇವೆಗಾಗಿ ಎಂಬುದನ್ನಾದರೂ ಅದು ತಿಳಿಸಬೇಕಾಗುತ್ತದೆ.