ತೂಕವೋ, ಸಂಖ್ಯೆಯೋ?

ಕಳೆದ ತಿಂಗಳು ಇಳಕಲ್ಲಿನ ನೇಕಾರ ಮಿತ್ರರೊಬ್ಬರು ಬಾಗಲಕೋಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು, ಹುನಗುಂದದ ನಮ್ಮ ಮನೆಗೆ ಬಂದರು. ಕಾಗದವನ್ನು ನಮ್ಮ ಕೈಗಿತ್ತು, “ಮಾಸ್ತರ್ರ, ಕೆಟ್ಟ ಕೊಲೆಸ್ಟೆರಾಲು ನೂರರೊಳಗ ಐತ್ರಿ. ಇನ್ನ ಚಿಂತಿ ಇಲ್ಲಲ್ರಿ?” ಎಂದು ಹರ್ಷದಿಂದ ಕೇಳಿದರು. ಅವರ ಅಣ್ಣಂದಿರು ಐವತ್ತೆರಡನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡುದನ್ನು ಬಲ್ಲ ನಮಗೆ ಆ ಹರ್ಷದಲ್ಲಿ ಪಾಲುಗೊಳ್ಳುವದು ಸಾಧ್ಯವಾಗಲಿಲ್ಲ.

ವಾಚಕರೇ, ಮೇದಸ್ಸು ನೀರಿನಲ್ಲಿ ಕರಗದಷ್ಟೆ? ಆದಕಾರಣ ರಕ್ತದಲ್ಲಿ ಅದನ್ನು ಸೂಕ್ಷ್ಮ ಕಣಗಳು ಹೊತ್ತು ಸಾಗಿಸುತ್ತವೆ. ಸಾಮಾನ್ಯ ಪರೀಕ್ಷೆಯು ಕೊಲೆಸ್ಟೆರಾಲಿನ ತೂಕವನ್ನು ಹೇಳುವದೇ ಹೊರತು ಕಣಗಳ ಸಂಖ್ಯೆಯನ್ನು ಹೇಳದು. ಬನದ ಹುಣ್ಣಿಮೆಗೆ ಬಾದಾಮಿಯಿಂದ ಬನಶಂಕರಿಯ ಜಾತ್ರೆಗೆ ಹೋಗುವ ದಾರಿಯನ್ನು ಕಂಡವರಿಗೆ ಈ ಭೇದವು ಸುಲಭವಾಗಿ ತಿಳಿಯುವದು. ನೂರು ಚೀಲ ಜೋಳವನ್ನು ಹತ್ತು ಬಂಡಿಗಳಲ್ಲಿ ಹೇರಿದರೂ ಇಪ್ಪತ್ತರಲ್ಲಿ ಹೇರಿದರೂ ಜೋಳದ ತೂಕವು ಒಂದೇ. ದಾರಿ ಕಟ್ಟುವದು ಮಾತ್ರ ಬಂಡಿಗಳ ಸಂಖ್ಯೆಯಿಂದ. ಹಾಗೆಯೇ ಕಣಗಳು ಹೆಚ್ಚಿದಷ್ಟೂ ರಕ್ತನಾಳದ ಗೋಡೆಯನ್ನು ಹೊಕ್ಕು ನೆಲೆಗೊಳ್ಳುವವುಗಳು ಹೆಚ್ಚುತ್ತವೆ.

ಇವನ್ನು ಎಣಿಸುವ ಉಪಾಯವುಂಟು. ಇಂಥ ಪ್ರತಿಯೊಂದು ಕಣದಲ್ಲಿಯೂ ‘ಅಪೊ-ಬಿ’ ಎಂಬ ಪ್ರೋಟೀನಿನ ಒಂದೇ ಒಂದು ಅಣುವಿರುತ್ತದೆ. ಅದನ್ನು ಅಳೆದರೆ ಕಣಗಳನ್ನು ಎಣಿಸಿದಂತೆಯೇ ಸರಿ. ಸಕ್ಕರೆ ರೋಗ, ಹೊಟ್ಟೆಯ ಬೊಜ್ಜು, ಹೆಚ್ಚಿದ ಟ್ರೈಗ್ಲಿಸರೈಡು ಇದ್ದವರಲ್ಲಿ ಒಂದೊಂದು ಕಣದ ಹೇರು ಕಡಿಮೆ, ಕಣಗಳು ಬಹಳ. ಈ ಲಕ್ಷಣವು ಭಾರತೀಯರಲ್ಲಿ ಸಾಮಾನ್ಯವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫರ ಮುಂದಾಳುತನದಲ್ಲಿ ೫೨ ದೇಶಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಸಂಶೋಧನೆಯಲ್ಲಿ, ಹೃದಯಾಘಾತದ ಕಾರಣಗಳೊಳಗೆ ಅಪೊ-ಬಿಗೂ ರಕ್ಷಕ ಕಣಗಳ ಅಪೊ-ಎ೧ಕ್ಕೂ ಇರುವ ಪ್ರಮಾಣಕ್ಕೆ ಅಗ್ರಸ್ಥಾನವು, ಧೂಮಪಾನಕ್ಕೆ ಅದರ ಮುಂದಿನ ಸ್ಥಾನವು ದೊರೆತವು.

ಮಿತ್ರರ ಕಾಗದವನ್ನು ನೋಡಿದೆವು: ಒಟ್ಟು ಕೊಲೆಸ್ಟೆರಾಲು ೧೯೦, ಒಳ್ಳೆಯದೆನ್ನುವ ಎಚ್.ಡಿ.ಎಲ್. ೩೨, ಟ್ರೈಗ್ಲಿಸರೈಡು ೩೦೦. ಕೆಟ್ಟದೆನ್ನುವ ಎಲ್.ಡಿ.ಎಲ್. ೯೮ ಎಂಬುದು ಅಳೆದದ್ದಲ್ಲ. ೧೯೦ರಲ್ಲಿ ೩೨ನ್ನೂ, ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲಾದ ೬೦ನ್ನೂ ಕಳೆದು ಬಂದ ಲೆಕ್ಕ. ಇದಕ್ಕಿಂತ ಸರಳವಾದ ವ್ಯವಕಲನವೊಂದುಂಟು. ಒಟ್ಟು ೧೯೦ರಲ್ಲಿ ಒಳ್ಳೆಯ ೩೨ನ್ನು ಮಾತ್ರ ಕಳೆಯಿರಿ, ಉಳಿದದ್ದು ೧೫೮. ಇದು ಅಪಾಯಕಾರಿ ಕಣಗಳೆಲ್ಲವುಗಳ ಒಟ್ಟು ಹೇರು. ಹೃದ್ರೋಗವಿಲ್ಲದವರಿಗೂ ಇದು ೧೩೦ರೊಳಗೆ ಇರುವದು ಮೇಲು. ಈ ಲೆಕ್ಕಕ್ಕೆ ಹೆಚ್ಚಿನ ಕಾಸಿನ ಖರ್ಚಿಲ್ಲ, ಮನೆಯಲ್ಲಿಯೇ ಮಾಡಬಹುದು.

ಅಪೊ-ಬಿ ಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಕೇಳಿರೆಂದೂ, ಅಣ್ಣಂದಿರು ಅಕಾಲದಲ್ಲಿ ಹೋದದ್ದರಿಂದ ‘ಲೈಪೊಪ್ರೋಟೀನ್-ಎ’ ಎಂಬುದನ್ನು ಜನ್ಮದಲ್ಲೊಮ್ಮೆಯಾದರೂ ಅಳೆಯಿಸಿರೆಂದೂ ಹೇಳಿದೆವು. ಅದು ವಂಶದಿಂದ ಬರುವದು. ಪಥ್ಯದಿಂದ ಹೆಚ್ಚು ಬದಲಾಗದು. ಆದರೆ ಸಂಖ್ಯೆಯು ಎಚ್ಚರಿಕೆಯೇ ಹೊರತು ಜಾತಕವಲ್ಲ. ತಂಬಾಕು ಬಿಡುವದು, ರಕ್ತದೊತ್ತಡ ಸಕ್ಕರೆಗಳನ್ನು ಹತೋಟಿಯಲ್ಲಿಡುವದು, ನಿತ್ಯ ನಡೆಯುವದು, ವೈದ್ಯರು ಕೊಟ್ಟ ಔಷಧವನ್ನು ತಪ್ಪದೆ ಸೇವಿಸುವದು ಇವೇ ಉಪಾಯಗಳು. ಎದೆ ಹಿಡಿದುಕೊಂಡರೆ ಕಾಗದ ನೋಡುತ್ತ ಕೂಡಬಾರದು; ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮಿತ್ರರು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ತುಸು ಹೊತ್ತು ಸುಮ್ಮನಿದ್ದು, “ಅಣ್ಣನ ಹುಡುಗರಿಗೂ ಮಾಡಸಬೇಕೇನ್ರಿ?” ಎಂದರು. ಅವಶ್ಯವಾಗಿ ಮಾಡಿಸಿರಿ ಎಂದೆವು.