ಖಾರದ ಕೈ, ಮುಟ್ಟದ ಫೋನ್

ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಫೋನ್ ಮುಟ್ಟುವಂತಿಲ್ಲ. ಫೋನಿಗೆ ಹತ್ತಿದ ಖಾರ ಆಮೇಲೆ ಕಣ್ಣಿಗೆ ಹೋದರೆ ಆ ಸಂಜೆ ಹಾಳು. (ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುವವರು ಒಮ್ಮೆ ನಮ್ಮ ಪಡಸಾಲೆಯಲ್ಲಿ ಕೂತು ನೋಡಬೇಕು.) ನಾನು ಸಂದರ್ಶನ ಕೇಳುವ ಚಟಕ್ಕೆ ಬಿದ್ದದ್ದು ಈ ಖಾರದ ಕೈಯಿಂದಲೇ.

ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಸೀಸನ್ ಶುರುವಾದರೆ ಕಾಲೇಜಿನಿಂದ ಬಂದವಳೇ ಅವ್ವನ ಪಕ್ಕ ಕೂರುತ್ತೇನೆ. ಕಿಲೋ ಲೆಕ್ಕದ ಕೂಲಿ, ಎರಡು ಕೈ ಹೆಚ್ಚಿದ್ದರೆ ನಾಲ್ಕು ಕಾಸು ಹೆಚ್ಚು. ಫೋನನ್ನು ಡಬ್ಬಿಗೆ ಒರಗಿಸಿಟ್ಟರೆ ಮುಗಿಯಿತು, ಬಂದದ್ದನ್ನು ಕೇಳಬೇಕು. ರೀಲ್ಸ್ ಹಾಕಿದರೆ ಒಂದೇ ತುಣುಕು ನೂರು ಸಲ ತಿರುಗುತ್ತದೆ. ಹಾಗಾಗಿ ಉದ್ದದ್ದೇ ಬೇಕಿತ್ತು. ಮೊದಲು ‘ಕಲಾಮಾಧ್ಯಮ’ದ ಸಿನಿಮಾ ಮಂದಿಯ ಸಂದರ್ಶನಗಳು. ಅವ್ವನಿಗೆ ಅವು ಬಲು ಇಷ್ಟ.

ಒಂದು ಸಂಜೆ ಫೋನ್ ತಾನಾಗಿಯೇ ಮುಂದಿನ ವಿಡಿಯೊಗೆ ಹೋಯಿತು. ಕೃಷಿ ಪತ್ರಕರ್ತ ಶ್ರೀ ಪಡ್ರೆ ಮಾತಾಡುತ್ತಿದ್ದರು. ಬದಲಿಸೋಣ ಎಂದರೆ ಕೈ ಖಾರ. ಕೇಳಿಸಿಕೊಂಡೆ. ರಾತ್ರಿ ಕೈ ತೊಳೆದು ಅವರ ಬಗ್ಗೆ ಹುಡುಕಿ ಓದಿದೆ. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’, ಅದರ ‘ಕೃಷಿಕರ ಕೈಗೆ ಲೇಖನಿ’ ಎಂಬ ಘೋಷಣೆ, 2021ರಲ್ಲಿ ಬಾಳೆಗೊನೆಗೆ ಬೆಲೆಯಿಲ್ಲದಾಗ ಹಬ್ಬಿದ ‘ಬಾಕಾಹು’. ಬಾಕಾಹು ಅಂದರೆ ಬಾಳೆಕಾಯಿ ಹುಡಿ. ಕಾಯಿ ಹೆಚ್ಚಿ, ಒಣಗಿಸಿ, ಪುಡಿ ಮಾಡುವುದು, ಅಷ್ಟೇ. ಮನೆಯಲ್ಲಿ ಮಾಡಿ ನೋಡಿದವರು ವಾಟ್ಸ್‌ಆ್ಯಪ್‌ನಲ್ಲಿ ಬೇರೆಯವರಿಗೆ ಕಲಿಸಿದರು.

ನಮ್ಮ ಮೆಣಸಿನಕಾಯಿಗೆ ಇದು ಹಾಗೆ ಹೊಂದುವುದಿಲ್ಲ. ಪುಡಿ ನಾವು ಮೊದಲಿನಿಂದ ಮಾಡುತ್ತಲೇ ಇದ್ದೇವೆ. ಕಾಯಿಂದ ಬಣ್ಣದ ಎಣ್ಣೆ ತೆಗೆಯಲು ಕಾರ್ಖಾನೆಯೇ ಬೇಕು. ನನಗೆ ಹತ್ತಿದ್ದು ಹುಡಿಯಲ್ಲ, ಲೇಖನಿಯ ಮಾತು. ಬೆಳೆದವರೇ ಬರೆಯಬೇಕು ಎಂದು ಮೂವತ್ತು ವರ್ಷಕ್ಕೂ ಹಿಂದೆ ಒಬ್ಬರಿಗೆ ಅನ್ನಿಸಿತ್ತಲ್ಲ!

2024ರ ಮಾರ್ಚ್ 11ರಂದು ನಮ್ಮೂರಿನ ಎಪಿಎಂಸಿಯಲ್ಲಿ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದರು. ಅದರ ವಿಡಿಯೊ ನನ್ನ ಫೋನಿಗೂ ಬಂತು, ಎಲ್ಲವೂ ಅರ್ಧ ನಿಮಿಷದ ತುಣುಕುಗಳು. ಹೊಗೆ, ಓಟ, ಕೂಗು. ಚೀಲ ಹೇರಿಕೊಂಡು ದೂರದಿಂದ ಬಂದ ಒಬ್ಬ ರೈತನನ್ನು ಕೂರಿಸಿಕೊಂಡು, ಬಿತ್ತಿದ ದಿನದಿಂದ ಆ ಬೆಳಗಿನವರೆಗೆ ಒಂದು ತಾಸು ಕೇಳಿದ ವಿಡಿಯೊ ಹುಡುಕಿದೆ. ನನಗೆ ಸಿಗಲಿಲ್ಲ. ಆ ಬೆಂಕಿಯನ್ನು ನಾನು ಸರಿ ಎನ್ನುತ್ತಿಲ್ಲ. ಆದರೆ ಬೆಂಕಿ ನೋಡಿದವರಿಗೆ ಲೆಕ್ಕ ಕಾಣಲಿಲ್ಲ.

ಉದ್ದ ಮಾತಾಡಿದವರೆಲ್ಲ ಸತ್ಯ ಹೇಳುತ್ತಾರೆಂದೂ ಅಲ್ಲ. ‘ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡ’ ಎಂದು ಯಾರೋ ತಜ್ಞರು ಹೇಳಿದ್ದನ್ನು ನಂಬಿ ನಮ್ಮ ಪಕ್ಕದ ಮನೆಯ ಅಜ್ಜಿ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದ್ದರು. ಎದುರಿಗೆ ಕೂತವರು ಒಮ್ಮೆಯಾದರೂ ‘ಅದು ಹೇಗೆ?’ ಎಂದು ಕೇಳಬೇಕಿತ್ತು. ಕೇಳದೆ ತಲೆಯಾಡಿಸುವವರು ಸಂದರ್ಶಕರಲ್ಲ. ಈಗ ನಾನು ಉತ್ತರಕ್ಕಿಂತ ಪ್ರಶ್ನೆಯನ್ನೇ ಹೆಚ್ಚು ಗಮನಿಸುತ್ತೇನೆ. ಒಳ್ಳೆಯ ಪ್ರಶ್ನೆ ಬಿದ್ದಾಗ ಮಾತಾಡುವವರು ಒಂದು ಕ್ಷಣ ಸುಮ್ಮನಾಗುತ್ತಾರೆ. ರೀಲ್ಸ್‌ನವರು ಮೊದಲು ಕತ್ತರಿಸುವುದು ಆ ಸುಮ್ಮನಿರುವಿಕೆಯನ್ನೇ.

ಹೋದ ತಿಂಗಳು ರೆಕಾರ್ಡಿಂಗ್ ಒತ್ತಿ ಫೋನನ್ನು ಅವ್ವನ ಕಡೆ ತಿರುಗಿಸಿಟ್ಟೆ.

‘ನನ್ನ ಏನ್ ಕೇಳ್ತಿಯವ್ವಾ, ದೊಡ್ಡ ಮಂದೀನ ಕೇಳು’ ಎಂದಳು. ಕೂಲಿ, ಬೆನ್ನುನೋವು, ಅಪ್ಪ ಎಲ್ಲ ಬಂದು ಹೋಯಿತು. ಆಮೇಲೆ, ‘ಕಾಯಿ ಚಲೋ ಒಣಗೈತಿ ಅಂತ ನಿನಗ ಹೆಂಗ ಗೊತ್ತಾಕ್ಕೈತಿ, ಅವ್ವಾ?’ ಎಂದು ಕೇಳಿದೆ. ಅವಳ ಕೈ ನಿಂತಿತು.

‘ಸಪ್ಪಳದಾಗ. ಒಣಗಿದ್ದು ಗಲಗಲ ಅಂತೈತಿ, ಹಸಿ ಇದ್ದದ್ದು ಮಾತಾಡಂಗಿಲ್ಲ.’

ಇಷ್ಟು ವರ್ಷ ಪಕ್ಕದಲ್ಲೇ ಕೂತರೂ ನನಗಿದು ಗೊತ್ತಿರಲಿಲ್ಲ. ನನಗ್ಯಾಕೆ ಕೇಳಿಸಿಲ್ಲ ಎಂದೆ.

‘ದಿನಾ ಆ ಫೋನ್ ಒದರತಿರತೈತಲ್ಲ’ ಎಂದು ಮತ್ತೆ ಕಾಯಿಗೆ ಕೈ ಹಾಕಿದಳು.